ಪ್ರೇಕ್ಷಕರ ಮುಖ ನೋಡುತ್ತಿದ್ದವರು

ಅವರು ತೀರಿಕೊಂಡ ಮೇಲೆ ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆ ನೋಡಿಕೊಳ್ಳುವವರು ನನಗೆ ಫೋನು ಮಾಡಿದರು.

"ಆಪಾ ಬಗ್ಗೆ ಒಂದು ಪುಟ ಬರ್ದುಕೊಡಮ್ಮ. ಅವರಿಗೆ ನೀನೇ ತಾನೆ ಕ್ಲೋಸು? ಅವರ ನಾಟಕ, ಅವರ ರಿಸರ್ಚು, ಅವರ ಬಿರಿಯಾನಿ, ಎಲ್ಲಾ ಬರಲಿ. ಆ ಹಳೇ ವಾಟ್ಸಾಪ್ ವಿಷಯ ಒಂದು ಬೇಡ ಪ್ಲೀಸ್."

ಅವರು ಬಿರಿಯಾನಿ ಮಾಡಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಅಡುಗೆಮನೆಯೆಂದರೆ ಅವರಿಗೆ ಬೇಸರ. ಊರಿಂದ ಬಂದವರ ಕೈಲಿ ತರಿಸಿಕೊಂಡ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಇಷ್ಟಿದ್ದರೆ ಅವರ ಊಟ ಮುಗಿಯಿತು. ಆದರೆ ಹೆಸರು ಕೇಳಿದ ಕೂಡಲೇ ಬಿರಿಯಾನಿ ನೆನಪಾಗುವ ಜನರಿಗೆ ಇದನ್ನು ಹೇಳಿ ಏನು ಪ್ರಯೋಜನ? ನನ್ನಿಂದಾಗದು ಎಂದು ಫೋನಿಟ್ಟೆ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಸಂಚಿಕೆಯಲ್ಲಿ ಇದು ಅಚ್ಚಾಗುವುದಿಲ್ಲ, ನನಗದು ಗೊತ್ತು.

ನಾನು ತುಮಕೂರಿನಿಂದ ನೆದರ್ಲೆಂಡ್ಸಿನ ಲೈಡನ್ನಿಗೆ ಪಿಎಚ್‌ಡಿಗೆಂದು ಬಂದ ಹೊಸತು. ನ್ಯೂವೆಗೈನ್‌ನ ಕಚೇರಿ ಕಟ್ಟಡಗಳ ನಡುವಿನ ಒಂದು ಸಭಾಂಗಣ ಬಾಡಿಗೆಗೆ ಹಿಡಿದು ಬಳಗದವರು ರಾಜ್ಯೋತ್ಸವ ಮಾಡಿದ್ದರು. ಕನ್ನಡದ ಮಾತು ಕೇಳಿಯಾದರೂ ಬರೋಣ ಎಂದು ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ನಾಟಕದ ಮಧ್ಯೆ ವಿರಾಮ ಬಂತು. ಕತ್ತರಿಸಿದ ಬಿಳಿಗೂದಲಿನ, ಗಿಡ್ಡ ಮೈಕಟ್ಟಿನ ಒಬ್ಬ ಹೆಂಗಸು ಪರದೆಯ ಹಿಂದಿನಿಂದ ಬಂದು ನೇರ ನನ್ನ ಎದುರು ನಿಂತರು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ನನ್ನನ್ನು ನೋಡಿದರು.

"ಆಗ ನಕ್ಕೆಲ್ಲ ನೀನು, ಆ ಮಾವನ ಮಾತಿಗೆ? ಅದು ಖರೇ ನಗಿ. ನಿನ್ನ ಬಾಜೂ ಕುಂತಾವ ಸುಳ್ಳ ನಕ್ಕ. ನಿನ್ನ ಮುಖ ನೋಡಿ ನಕ್ಕ ಅಂವ."

ಬಾಜೂ ಕೂತವರು ಅಲ್ಲೇ ಕಾಫಿ ಹೀರುತ್ತಿದ್ದರು. ಅವರು ಬಳಗದ ಅಧ್ಯಕ್ಷರೆಂದು ಆಮೇಲೆ ತಿಳಿಯಿತು.

ಆ ಬಿಳಿಗೂದಲಿನ ಹೆಂಗಸೇ ನಾಟಕದ ನಿರ್ದೇಶಕರು. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗದಗಿನವರು. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ಕನ್ನಡ, ಓದಿನಲ್ಲಿ ಇಂಗ್ಲಿಷು, ಕೆಲಸದಲ್ಲಿ ಫ್ರೆಂಚು ಮತ್ತು ಡಚ್ಚು. ಸಿಟ್ಟು ಬಂದಾಗ ಮಾತ್ರ ಅಪ್ಪಟ ಗದಗಿನ ಕನ್ನಡ. ಸಿಟ್ಟು ಅವರಿಗೆ ದಿನಕ್ಕೊಮ್ಮೆಯಾದರೂ ಬರುತ್ತಿತ್ತು.

ಲೈಡನ್ನಿನ ಒಂದು ಚಿತ್ರಸಂಗ್ರಹದಲ್ಲಿ ಅವರು ಬಹಳ ಕಾಲದಿಂದ ಕೆಲಸದಲ್ಲಿದ್ದರು. ಫ್ರಾನ್ಸಿನ ಹಳೆಯ ಕಲ್ಲಚ್ಚಿನ ಚಿತ್ರಗಳು ಅವರ ಪಾಲಿನವು. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ನೀರು ಸವರಿ, ಶಾಯಿ ಉರುಳಿಸಿ ಅಚ್ಚು ತೆಗೆಯುವ ವಿದ್ಯೆ ಅದು. ಇನ್ನೂರು ವರ್ಷದ ಹಿಂದೆ ಪ್ಯಾರಿಸ್ಸಿನ ನಗೆಪತ್ರಿಕೆಗಳಿಗೆ ಕಲಾವಿದರು ಹೀಗೆ ಚಿತ್ರ ಬರೆದುಕೊಡುತ್ತಿದ್ದರು. ರಾಜನನ್ನು ಗೇಲಿ ಮಾಡಿದರೆ ಜೈಲು ಎಂದಾದ ಮೇಲೆ ಅವರು ಜನರತ್ತ ತಿರುಗಿದರು. ನಾಟಕಶಾಲೆಗೆ ಹೋಗಿ ರಂಗಕ್ಕೆ ಬೆನ್ನು ಹಾಕಿ, ಕೂತವರ ಮುಖಗಳನ್ನು ಬರೆದರು. ಆಪಾ ಆ ಚಿತ್ರಗಳ ವಿಷಯದಲ್ಲಿ ದೊಡ್ಡ ಹೆಸರು. ಬೇರೆ ದೇಶಗಳಿಂದ ಅವರನ್ನು ಕೇಳಿಕೊಂಡು ಬರುತ್ತಿದ್ದರು.

ಮೊದಲ ಸಲ ಅವರು ನನಗೆ ಆ ಹಾಳೆಗಳನ್ನು ತೋರಿಸಿದ ದಿನ ಚೆನ್ನಾಗಿ ನೆನಪಿದೆ. ದೊಡ್ಡ ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಮೇಲಿನ ಅಗ್ಗದ ಗ್ಯಾಲರಿಯಲ್ಲಿ ಕಟಕಟೆಗೆ ಜೋತುಬಿದ್ದು ಬಾಯಿ ತೆರೆದ ಜನ. ದುಃಖದ ದೃಶ್ಯಕ್ಕೆ ಸೆರಗಿನಷ್ಟು ದೊಡ್ಡ ಕರವಸ್ತ್ರ ಹಿಡಿದು ಅಳುವ ಹೆಂಗಸು, ಪಕ್ಕದಲ್ಲೇ ಆಕಳಿಸುವ ಅವಳ ಗಂಡ. ರಂಗದ ಕಡೆ ನೋಡದೆ ಎದುರಿನ ಬಾಲ್ಕನಿಯ ಬಾಕ್ಸಿನ ಹೆಂಗಸಿನತ್ತ ದುರ್ಬೀನು ತಿರುಗಿಸಿದ ಸಾಹುಕಾರ. ಸಾಲಾಗಿ ಕೂತು ಚಪ್ಪಾಳೆ ತಟ್ಟುವ ದಪ್ಪ ಕೈಗಳ ಗಂಡಸರು.

"ಇವ್ರು ಯಾರ್ ಗೊತ್ತೇನು? ಕೂಲಿ ಚಪ್ಪಾಳಿಯವ್ರು. ನಾಟಕದ ಮಾಲಕ ಕರೆಸಿ ಕುಂಡ್ರಸ್ತಿದ್ದ. ಎಲ್ಲಿ ನಗಬೇಕು, ಎಲ್ಲಿ ಅಳಬೇಕು, ಎಲ್ಲಾ ಮದ್ಲ ಹೇಳಿ ಕೊಡ್ತಿದ್ದ. ಇವ್ರ ಮುಖ ನೋಡು. ಕೈ ಎಷ್ಟ್ ಜೋರ್ ಅದಾವು, ಕಣ್ಣಾಗ ಏನರ ಐತೇನು?"

ಕಣ್ಣಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಅದನ್ನು ಬರೆದವನು ಎರಡು ಚುಕ್ಕೆಯಲ್ಲಿ ಮುಗಿಸಿದ್ದ.

ಇದೆಲ್ಲ ಅವರಿಗೆ ಪ್ಯಾರಿಸ್ಸಿನಲ್ಲಿ ಹುಟ್ಟಿದ ಹುಚ್ಚಲ್ಲ. ಅವರ ಅಬ್ಬಾ ಗದಗಿನಲ್ಲಿ ಕ್ಯಾಂಪು ಹಾಕುತ್ತಿದ್ದ ನಾಟಕ ಕಂಪನಿಯೊಂದರಲ್ಲಿ ಗೇಟು ನೋಡಿಕೊಳ್ಳುತ್ತಿದ್ದರಂತೆ. ಮಗಳಿಗೆ ಟಿಕೆಟ್ಟಿಲ್ಲದೆ ಒಳಗೆ ಹೋಗಲು ಅಡ್ಡಿಯಿಲ್ಲ, ಆದರೆ ಕುರ್ಚಿಯಿಲ್ಲ. ಹಾರ್ಮೋನಿಯಂ ಮಾಸ್ತರರ ಪಕ್ಕ, ರಂಗದ ಬುಡದಲ್ಲಿ ಕೂರಬೇಕು. ಅಲ್ಲಿಂದ ತಲೆಯೆತ್ತಿದರೆ ನಟರ ಮೊಣಕಾಲು ಕಾಣುತ್ತಿತ್ತು, ಅಷ್ಟೆ. ಎದುರಿಗೆ ನೋಡಿದರೆ ತಂಬುವಿನ ತುಂಬ ಮುಖಗಳು. ಬೇಸಿಗೆಯುದ್ದಕ್ಕೂ ಆ ಹುಡುಗಿ ನಾಟಕವನ್ನು ಜನರ ಮುಖದಲ್ಲೇ ನೋಡಿದಳು. ಖಳನಾಯಕ ಬಂದದ್ದು, ಮಗು ಸತ್ತದ್ದು, ಹಾಸ್ಯದವನು ಜಾರಿಬಿದ್ದದ್ದು, ಎಲ್ಲವೂ ಅವಳಿಗೆ ತಿಳಿಯುತ್ತಿದ್ದದ್ದು ಹಾಗೆ.

"ಸ್ಟೇಜಿನ ಮ್ಯಾಲಿನವ್ರು ಸುಳ್ಳು ಹೇಳ್ತಾರ, ಅದಕ್ಕ ಅವ್ರಿಗೆ ಪಗಾರ ಕೊಡ್ತಾರ. ಕೆಳಗ ಕುಂತವ್ರು ಯಾಕ ಸುಳ್ಳು ಹೇಳ್ತಾರ ಅನ್ನೂದು ನಂಗ ಇನ್ನೂ ತಿಳಿದಿಲ್ಲ" ಎನ್ನುತ್ತಿದ್ದರು.

ಬಳಗದ ತಾಲೀಮಿನಲ್ಲಿ ಅವರ ಪಾಠವೂ ಅದೇ. ಐಟಿ ಕಂಪನಿಗಳಲ್ಲಿ ದುಡಿದು ಬಂದ ಹುಡುಗರು ಉದ್ದುದ್ದ ಮಾತು ಕಂಠಪಾಠ ಮಾಡಿ ಬಂದರೆ ಅದನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಸುಮ್ಮನೆ ನಿಂತವನ ಹತ್ತಿರ ಹೋಗಿ, "ಅಂವ ಮಾತಾಡಾಕತ್ತಾನ, ನೀ ಏನ್ ಮಾಡಾಕತ್ತಿ? ಬಸ್ಸಿಗೆ ನಿಂತೀಯೇನು? ಕೇಳು. ಕೇಳೂದು ಮುಖದಾಗ ಕಾಣಬೇಕು" ಎಂದು ಗದರುತ್ತಿದ್ದರು. ಅಧ್ಯಕ್ಷರ ಹೆಂಡತಿಯನ್ನು ಅಜ್ಜಿಯ ಪಾತ್ರಕ್ಕೆ ತಿದ್ದಿ ತಿದ್ದಿ, ಒಂದೇ ಒಂದು ಮಾತಿಲ್ಲದ ದೃಶ್ಯದಲ್ಲಿ ಇಡೀ ಸಭಾಂಗಣ ಅಳುವಂತೆ ಮಾಡಿದ್ದು ಆಪಾ. ಮುಂದಿನ ಸಾಲಿನ ಅತಿಥಿಗಳು ಚಕ್ಕುಲಿ ಕಡಿಯುತ್ತಾ ಮೊಬೈಲು ನೋಡುತ್ತಿದ್ದರೆಂದು ಒಮ್ಮೆ ನಾಟಕ ನಿಲ್ಲಿಸಿ ತಾವೇ ರಂಗಕ್ಕೆ ಬಂದು, "ಆತೇನ್ರಿ ಫಳಾರ? ನಾವು ಕಾಯ್ತೀವಿ" ಎಂದು ಕೈಕಟ್ಟಿ ನಿಂತಿದ್ದರು. ಬಳಗಕ್ಕೆ ಅವರೆಂದರೆ ಭಯ, ಹೆಮ್ಮೆ ಎರಡೂ ಇತ್ತು. ಹಾಗೆಂದು ನಾನು ನಂಬಿದ್ದೆ.

2020ರ ಮಾರ್ಚಿನಲ್ಲಿ ಅವರ ಬದುಕಿನ ದೊಡ್ಡ ಪ್ರದರ್ಶನ ತೆರೆಯಬೇಕಿತ್ತು. ಪ್ರೇಕ್ಷಕರ ಮುಖಗಳದ್ದೇ ಪ್ರದರ್ಶನ. ಚೌಕಟ್ಟು ಹಾಕಿ, ಗೋಡೆಗೆ ತೂಗಿ, ದೀಪದ ಬೆಳಕನ್ನು ಅಳೆದು ಹೊಂದಿಸಿ ಮುಗಿಸಿದ್ದರು. ಅಷ್ಟರಲ್ಲಿ ಕೊರೋನಾ ಬಂತು, ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಥಿಯೇಟರು, ಮ್ಯೂಸಿಯಮ್ಮು, ಕಾಫಿ ಅಂಗಡಿ ಎಲ್ಲ ಬಂದ್. ಚಿತ್ರಗಳನ್ನು ನೋಡಿಕೊಂಡು ಬರಲು ಅವರಿಗೆ ಮಾತ್ರ ಆಗಾಗ ಒಳಗೆ ಬಿಡುತ್ತಿದ್ದರು. ಹೋಗಿ ಬಂದ ದಿನ ಫೋನು ಮಾಡುತ್ತಿದ್ದರು. "ಎಲ್ಲಾರು ನಗಾಕತ್ತಾರ ತಂಗಿ, ಕತ್ತಲಾಗ. ಎದುರಿಗೆ ಒಬ್ರೂ ಇಲ್ಲ." ದನಿ ಮಾತ್ರ ಗಟ್ಟಿ ಇರುತ್ತಿತ್ತು.

ಕೆಲವೇ ವಾರಗಳಲ್ಲಿ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬೇರೆ ನಾಟಕ ಶುರುವಾಯಿತು. ಮನೆಯೊಳಗೆ ಕೂತ ಜನಕ್ಕೆ ಕೈಯಲ್ಲಿ ಫೋನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಅಂಗಡಿಯಲ್ಲಿ ಟಾಯ್ಲೆಟ್ ಪೇಪರು ಸಿಕ್ಕಿತೇ, ಕಷಾಯಕ್ಕೆ ಏನೇನು ಹಾಕಬೇಕು ಎಂಬ ಮಾತುಗಳ ನಡುವೆ ಒಂದೊಂದೇ ವಿಡಿಯೋ ಇಳಿಯತೊಡಗಿತು. ಊರಲ್ಲಿ ರೋಗ ಹಬ್ಬಿಸುತ್ತಿರುವುದು ಇಂಥವರೇ, ಇವರಿಂದ ತರಕಾರಿ ಕೊಳ್ಳಬೇಡಿ, ಇವರನ್ನು ಬೀದಿಗೆ ಬಿಡಬೇಡಿ. ಒಂದರಲ್ಲಿ ಗಡ್ಡದ ಮುದುಕನೊಬ್ಬ ತಳ್ಳುಗಾಡಿಯ ಹಣ್ಣಿಗೆ ಉಗುಳು ಹಚ್ಚುತ್ತಿದ್ದ. ಅದನ್ನು ಹಾಕಿದವರು ಅಧ್ಯಕ್ಷರು. ಕೆಳಗೆ ಬರೆದಿದ್ದರು: "ಊರಲ್ಲಿರೋ ಅಪ್ಪ ಅಮ್ಮನಿಗೆ ತಪ್ಪದೆ ಕಳಿಸಿ."

ಚಪ್ಪಾಳೆಯ ಚಿಹ್ನೆಗಳು ಬಂದವು, ಕೆಂಪಾದ ಸಿಟ್ಟಿನ ಮುಖಗಳು ಬಂದವು. ಆಪಾ ಆ ಗುಂಪಿನಲ್ಲೇ ಇದ್ದಾರೆ ಎಂಬುದು ಒಬ್ಬರಿಗೂ ನೆನಪಿರಲಿಲ್ಲ. ಅಥವಾ ಚೆನ್ನಾಗಿಯೇ ನೆನಪಿತ್ತು. ನನಗೆ ಇವತ್ತಿಗೂ ಗೊತ್ತಿಲ್ಲ, ಯಾವುದು ಹೆಚ್ಚು ಹೇಸಿಗೆಯದು ಎಂದೂ ಗೊತ್ತಿಲ್ಲ.

ಅವರು ಕನ್ನಡದಲ್ಲಿ ನೆಟ್ಟಗೆ ಬರೆದರು: "ಈ ವಿಡಿಯೋ ಕೊರೋನಾಕ್ಕಿಂತ ಹಳೆಯದು. ಆ ಮುದುಕನಿಗೂ ಈ ರೋಗಕ್ಕೂ ಸಂಬಂಧವಿಲ್ಲ. ನನ್ನ ತಮ್ಮ ಗದಗಿನ ಮಾರ್ಕೆಟ್ಟಿನಲ್ಲಿ ಹಣ್ಣು ಮಾರುತ್ತಾನೆ. ನಿನ್ನೆ ಅವನ ಗಾಡಿಯನ್ನು ಉರುಳಿಸಿದ್ದಾರೆ. ದಯವಿಟ್ಟು ಇದನ್ನು ತೆಗೆಯಿರಿ."

ಅಧ್ಯಕ್ಷರ ಉತ್ತರ ಬಂತು. "ಅಯ್ಯೋ ಮೇಡಂ, ನೀವು ಆ ಥರ ಅಲ್ಲ ಬಿಡಿ. ನಿಮ್ಮ ಬಗ್ಗೆ ಅಲ್ಲ ಇದು." ಅದಕ್ಕೆ ಮತ್ತೆ ಹಲವರ ಹೆಬ್ಬೆರಳು. ವಿಡಿಯೋ ಅಲ್ಲೇ ಇತ್ತು.

ಸ್ವಲ್ಪ ಹೊತ್ತು ಬಿಟ್ಟು ಆಪಾ ಒಂದು ಚಿತ್ರ ಹಾಕಿದರು. ಲೈಡನ್ನಿನ ಕತ್ತಲ ಗೋಡೆಯ ಮೇಲೆ ತೂಗುತ್ತಿದ್ದ ಚಿತ್ರಗಳಲ್ಲೊಂದು. ನಾಟಕಶಾಲೆಯ ಒಂದು ಸಾಲು. ಒಬ್ಬ ಹೊಟ್ಟೆ ಹಿಡಿದು ನಗುತ್ತಿದ್ದಾನೆ. ಪಕ್ಕದವನು ತಾನೂ ನಗಬೇಕೇ ಎಂದು ಓರೆಗಣ್ಣಿನಲ್ಲಿ ಅವನನ್ನು ನೋಡುತ್ತಿದ್ದಾನೆ. ಮತ್ತೊಬ್ಬ ತೊಡೆಯ ಮೇಲಿನ ಟೋಪಿಯನ್ನು ನೋಡುತ್ತಾ ತಲೆ ತಗ್ಗಿಸಿದ್ದಾನೆ. ಕೊನೆಯವನು ನಿದ್ದೆ ಹೊಡೆಯುತ್ತಿದ್ದಾನೆ. ಕೆಳಗೆ ಅವರು ಬರೆದ ಸಾಲು ಇಷ್ಟೇ: "ಇದರಲ್ಲಿ ನೀವು ಯಾರು, ಹೇಳ್ರಿ."

ಓದಿದ್ದಾರೆಂಬ ನೀಲಿ ಗುರುತು ಬಿತ್ತು, ಅಷ್ಟೆ. ಮರುದಿನ ಬೆಳಿಗ್ಗೆ ಅವರ ಹೆಸರು ಗುಂಪಿನಲ್ಲಿರಲಿಲ್ಲ. "ಗುಂಪಿನ ಶಾಂತಿಯ ದೃಷ್ಟಿಯಿಂದ ಈ ನಿರ್ಧಾರ ಅನಿವಾರ್ಯವಾಯಿತು. ರಾಜಕೀಯ ಬೇಡ, ನಾವೆಲ್ಲ ಒಂದೇ ಕುಟುಂಬ" ಎಂದು ಅಧ್ಯಕ್ಷರು ಬರೆದಿದ್ದರು. ಕೈಮುಗಿದ ಚಿಹ್ನೆ ಬೇರೆ.

ನಿಮ್ಮ ಕುಟುಂಬ ನಿಮಗಿರಲಿ, ಹಣ್ಣಿನ ಗಾಡಿ ಉರುಳಿಸಿದವರ ಜೊತೆ ನೀವೂ ಕೈ ಜೋಡಿಸಿದ್ದೀರಿ ಎಂದು ಬರೆದು ಗುಂಪು ಬಿಟ್ಟೆ. ಅವತ್ತು ಸಂಜೆಯೊಳಗೆ ಎಷ್ಟೋ ಜನ ನನಗೊಬ್ಬಳಿಗೇ ಸಂದೇಶ ಕಳಿಸಿದರು. ಡೀಮೆನ್‌ನಲ್ಲಿದ್ದ ಒಬ್ಬ ಗೆಳತಿ ಫೋನೇ ಮಾಡಿದಳು. "ನೀನ್ ಹೇಳಿದ್ದು ಹಂಡ್ರೆಡ್ ಪರ್ಸೆಂಟ್ ಕರೆಕ್ಟ್ ಕಣೆ. ಆದ್ರೆ ಓಪನ್ ಆಗಿ ಹೇಳಕ್ಕಾಗಲ್ಲ ಅಲ್ವಾ? ನನ್ನ ಹಸ್ಬೆಂಡು, ಪ್ರೆಸಿಡೆಂಟು ಒಂದೇ ಆಫೀಸು."

ವಿಡಿಯೋ ಹಾಕಿದವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಈ ಖಾಸಗಿ ಸಂದೇಶಗಳ ಮೇಲೆ ಬಂತು. ಸತ್ಯವನ್ನು ಪಿಸುಗುಟ್ಟಿ ಕೈ ತೊಳೆದುಕೊಳ್ಳುವ ಜನ! ಇವರೆಲ್ಲ ಓದಿದವರು, ದೇಶ ಸುತ್ತಿದವರು. ಇಲ್ಲಿನ ಡಚ್ಚನೊಬ್ಬ ರೈಲಿನಲ್ಲಿ ಸ್ವಲ್ಪ ಸರಿದು ಕೂತರೆ ವರ್ಣಭೇದ ಎಂದು ವಾರಗಟ್ಟಲೆ ಚರ್ಚಿಸುವವರು.

ಆಪಾಗೆ ಇದನ್ನೆಲ್ಲ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ನಾವಿಬ್ಬರೂ ಕಾಲುವೆಯ ದಂಡೆಯಲ್ಲಿ ಸರ್ಕಾರ ಹೇಳಿದ ಒಂದೂವರೆ ಮೀಟರು ದೂರ ಬಿಟ್ಟುಕೊಂಡು ನಡೆಯುತ್ತಿದ್ದೆವು. ಗಾಳಿಗೆ ಮಾತು ಕೇಳಿಸದೆ ಒಬ್ಬರಿಗೊಬ್ಬರು ಕೂಗಿಕೊಳ್ಳಬೇಕಿತ್ತು.

"ಉಗುಳಿನ ವಿಡಿಯೋ ನಂಗ ಹೊಸಾದಲ್ಲ ತಂಗಿ. 'ನೀವು ಆ ಥರ ಅಲ್ಲ' ಅಂದ್ನಲ್ಲ, ಅದು ಇಲ್ಲಿ ನಟ್ಟೈತಿ." ಎದೆಯನ್ನಲ್ಲ, ಗಂಟಲನ್ನು ಮುಟ್ಟಿ ತೋರಿಸಿದರು. "ನಾ ಯಾ ಥರ? ನನ್ನ ತಮ್ಮ ಯಾ ಥರ? ಅವನ ಜೋಡಿ ಒಂದ ತಟ್ಟ್ಯಾಗ ಉಂಡ ದೊಡ್ಡಾಕ್ಯಾಗೀನಿ ನಾನು. ಅವನ್ನ ಆ ಕಡಿ ನಿಲ್ಲಿಸಿ ನಂಗ ಈ ಕಡಿ ಕುರ್ಚಿ ಕೊಡ್ತಾನಂತ. ಯಾರಿಗೆ ಬೇಕಾಗೇತಿ ಅವನ ಕುರ್ಚಿ?"

ಆ ದಿನಗಳಲ್ಲಿ ಅವರು ಅತ್ತಿದ್ದನ್ನು ನಾನು ನೋಡಲಿಲ್ಲ. ಕೆಲಸ ಮಾಡಿದರು. ತಮ್ಮನ ಜೊತೆ ದಿನವೂ ವಿಡಿಯೋದಲ್ಲಿ ಮಾತಾಡಿದರು. ಗಾಡಿ ರಿಪೇರಿಯಾಯಿತು, ಆದರೆ ಅವನು ಹಳೆಯ ಜಾಗಕ್ಕೆ ಹೋಗಲು ಹೆದರಿ ಊರಾಚೆಯ ಬಡಾವಣೆಗಳಲ್ಲಿ ಸುತ್ತತೊಡಗಿದ. ಅದನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು.

ನಡುವೆ ಕೆಲವು ತಿಂಗಳು ಥಿಯೇಟರುಗಳು ಅರೆಬರೆ ತೆರೆದವು. ಅವರು ನನ್ನನ್ನು ಒಂದು ಡಚ್ ನಾಟಕಕ್ಕೆ ಕರೆದುಕೊಂಡು ಹೋದರು. ದೊಡ್ಡ ಸಭಾಂಗಣದಲ್ಲಿ ಅಲ್ಲಲ್ಲಿ ಒಬ್ಬೊಬ್ಬರು, ನಡುವೆ ಪಟ್ಟಿ ಕಟ್ಟಿದ ಖಾಲಿ ಕುರ್ಚಿಗಳು, ಕೂರುವ ತನಕ ಎಲ್ಲರ ಬಾಯಿಗೂ ಮಾಸ್ಕು. ಆಪಾ ಎಂದಿನಂತೆ ರಂಗಕ್ಕೆ ಓರೆಯಾಗಿ ತಿರುಗಿ ಕೂತು ಕನ್ನಡಕ ಜಾರಿಸಿ ಜನರನ್ನು ನೋಡಿದರು. ಪರದೆ ಏಳುವ ಮೊದಲು ಒಬ್ಬೊಬ್ಬರೇ ಮಾಸ್ಕು ತೆಗೆದರು. ಎಷ್ಟೋ ತಿಂಗಳಿಂದ ಅಪರಿಚಿತರ ಬಾಯಿ, ಗಲ್ಲ ನೋಡದ ನನಗೆ ಅದೇ ಒಂದು ದೃಶ್ಯದಂತೆ ಕಂಡಿತು. ತಮಾಷೆಯ ಮಾತೊಂದು ಬಂತು. ದೂರದ ಕುರ್ಚಿಯಲ್ಲಿದ್ದ ಮುದುಕನೊಬ್ಬ ಗಟ್ಟಿಯಾಗಿ ನಕ್ಕ. ಪಕ್ಕದಲ್ಲಿ ಯಾರೂ ಇರಲಿಲ್ಲ, ನೋಡಿ ನಗುವವರೂ ಇರಲಿಲ್ಲ.

"ನೋಡ್, ಒಬ್ಬನ ನಕ್ಕ" ಎಂದು ಆಪಾ ಖುಷಿಯಿಂದ ನನ್ನತ್ತ ಬಾಗಿದರು. ಆ ವರ್ಷ ಅವರ ಮುಖದಲ್ಲಿ ನಾನು ಕಂಡ ಸಂತೋಷ ಅದೊಂದೇ.

ಕೊನೆಗೆ ನಿರ್ಬಂಧಗಳೆಲ್ಲ ಹೋದ ವಸಂತದಲ್ಲಿ ಪ್ರದರ್ಶನ ತೆರೆಯಿತು. ಜನ ಸಾಲುಗಟ್ಟಿ ಬಂದರು. ಪತ್ರಿಕೆಗಳಲ್ಲಿ ಆಪಾ ಫೋಟೋ ಬಂತು. ಎರಡನೇ ವಾರಕ್ಕೆ ಬಳಗದ ಕಾರ್ಯಕಾರಿ ಸಮಿತಿ ಪೂರ್ತಿ ಬಂದಿಳಿಯಿತು. ಜರಿಯ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಕ್ಯಾಮೆರಾ ಹಿಡಿದ ಒಬ್ಬರು. ನಾನು ಆ ದಿನ ಅಲ್ಲೇ ಇದ್ದೆ. ಹಣ್ಣಿನ ಬುಟ್ಟಿಯ ಮೇಲೆ ನನ್ನ ಕಣ್ಣು ಬಿತ್ತು. ಇವರಿಗೆ ತರಲು ಬೇರೇನೂ ಸಿಗಲಿಲ್ಲವೇ?

"ಏನ್ ಮೇಡಂ, ನಮ್ಮನ್ನ ಮರ್ತೇ ಬಿಟ್ರಾ?" ಎಂದು ಅಧ್ಯಕ್ಷರು ನಗುತ್ತಾ ಮುಂದೆ ಬಂದರು. "ನಮ್ಮ ಕನ್ನಡದ ಹೆಣ್ಮಗಳು, ಇಡೀ ಯೂರೋಪೇ ತಿರುಗಿ ನೋಡೋ ಹಾಗ್ ಮಾಡಿದೀರಿ. ಬನ್ನಿ, ಆ ದೊಡ್ಡ ಚಿತ್ರದ ಮುಂದೆ ಒಂದು ಸನ್ಮಾನ ಮಾಡಿಬಿಡ್ತೀವಿ. ಈ ಸಲದ ನಾಟಕಾನೂ ನೀವೇ ಮಾಡಿಸ್ಬೇಕು."

ಶಾಲು ಬಿಚ್ಚಿ ಹೊದಿಸಲು ಕೈ ಚಾಚಿದರು. ಆಪಾ ಒಂದು ಹೆಜ್ಜೆ ಹಿಂದೆ ಸರಿದರು.

"ಗುಂಪಿನ್ಯಾಗಿಂದ ನನ್ನ ತಗದವ್ರು ನೀವ ಅಲ್ರಿ?"

"ಅಯ್ಯೋ, ಅದೆಲ್ಲಾ ಹಳೇ ವಿಷಯ ಮೇಡಂ. ಆ ಟೈಮ್ ಹಾಗಿತ್ತು, ಎಲ್ರಿಗೂ ಟೆನ್ಷನ್ನು..."

"ಹಳೇ ವಿಷಯಾನ ನನ್ನ ಕೆಲಸ" ಎಂದರು ಆಪಾ. ಗೋಡೆಯತ್ತ ಕೈ ತೋರಿಸಿದರು. "ಇಲ್ಲಿ ಇರೂದೆಲ್ಲಾ ಹಳೇದ. ಇವ್ರು ಸತ್ತು ಎಷ್ಟ್ ಕಾಲ ಆತು. ಇನ್ನೂ ಇವ್ರು ಹ್ಯಾಂಗ ನಕ್ರು, ಯಾರ್ ತಲಿ ತಗ್ಗಿಸಿದ್ರು, ಎಲ್ಲಾ ಕಾಣಾಕತ್ತೈತಿ. ನೀವು ಎರಡ್ ವರ್ಷದ್ದು ಮರೀರಿ ಅಂತೀರಿ?"

ಕ್ಯಾಮೆರಾದವರು ಕ್ಯಾಮೆರಾ ಇಳಿಸಿದರು. ಅಕ್ಕಪಕ್ಕದ ಡಚ್ಚರು ಭಾಷೆ ತಿಳಿಯದೆಯೂ ಚಿತ್ರ ಬಿಟ್ಟು ಇವರನ್ನು ನೋಡತೊಡಗಿದ್ದರು.

"ಗುಂಪಿನ್ಯಾಗ ಬರೀರಿ" ಎಂದರು ಆಪಾ, ದನಿ ಏರಿಸದೆ. "ಆ ವಿಡಿಯೋ ಸುಳ್ಳಿತ್ತು, ಹಾಕಿದ್ದು ತಪ್ಪಾತು ಅಂತ ಬರೀರಿ. ಎಲ್ಲಾರ ಮುಂದ ಹಾಕಿದ್ರಿ, ಎಲ್ಲಾರ ಮುಂದ ಬರೀರಿ. ಅಪ್ಪ ಅಮ್ಮಗ ಕಳಸ್ರಿ ಅಂದಿದ್ರೆಲ್ಲ, ಇದನ್ನೂ ಕಳಸ್ರಿ. ಅದಾದ ಮ್ಯಾಲೆ ಶಾಲು ತರ್ರಿ. ಆ ಬುಟ್ಟಿ ತಗೊಂಡ್ ಹೋಗ್ರಿ, ನಮ್ಮ ಮನ್ಯಾಗ ಹಣ್ಣಿಗೆ ಬರ ಇಲ್ಲ."

ಅಧ್ಯಕ್ಷರ ಮುಖ ಕೆಂಪಾಯಿತು. ಹಿಂದೆ ನಿಂತವರಲ್ಲಿ ಒಬ್ಬರು ಗೋಡೆಯ ಚಿತ್ರದಲ್ಲಿ ಮಗ್ನರಾದರು, ಒಬ್ಬರು ಫೋನು ತೆಗೆದರು, ಒಬ್ಬರು ನನ್ನನ್ನು ನೋಡಿ ಏನು ಮಾಡುವುದು ಎಂಬಂತೆ ತುಟಿ ಚಾಚಿದರು. ಶಾಲು ಮಡಚಿಕೊಂಡು ಹೋದರು. "ತುಂಬಾ ಅಹಂಕಾರ ಬಂದುಬಿಟ್ಟಿದೆ ಅವರಿಗೆ" ಎಂಬ ಮಾತು ಸಂಜೆಯ ಹೊತ್ತಿಗೆ ಊರೂರಿಗೂ ತಲುಪಿತ್ತು.

ಆ ಒಂದು ಸಾಲನ್ನು ಅಧ್ಯಕ್ಷರು ಬರೆಯಲಿಲ್ಲ. ಅವರು ಈಗ ಮಾಜಿ ಅಧ್ಯಕ್ಷರು, ಸ್ಮರಣ ಸಂಚಿಕೆಯ ಗೌರವ ಸಲಹೆಗಾರರು. ಆಪಾ ಹೃದಯಾಘಾತದಿಂದ ಹೋದದ್ದು ಕೆಲಸದಿಂದ ನಿವೃತ್ತರಾಗುವ ಮೊದಲೇ. ಮಣ್ಣಿಗೆ ಅವರ ಸಹೋದ್ಯೋಗಿಗಳು ಬಂದಿದ್ದರು, ಡೀಮೆನ್‌ನಿಂದ ಕೆಲವು ದಖ್ಖನಿ ಮಾತಾಡುವ ಹುಡುಗರು ಬಂದು ಹೆಗಲು ಕೊಟ್ಟರು, ತಮ್ಮ ಗದಗಿನಿಂದ ಫೋನಿನಲ್ಲಿ ನೋಡಿದ. ಬಳಗ ಹೂವು ಕಳಿಸಿತ್ತು. "ನಮ್ಮ ಕುಟುಂಬದ ಹಿರಿಯಕ್ಕನಿಗೆ" ಎಂದು ರಿಬ್ಬನ್ನಿನ ಮೇಲೆ ಅಚ್ಚಾಗಿತ್ತು. ನಾನು ರಿಬ್ಬನ್ನನ್ನು ಕಿತ್ತು ಕೋಟಿನ ಜೇಬಿಗೆ ತುರುಕಿಕೊಂಡೆ, ಹೂವು ಬಿಟ್ಟೆ.

ಇನ್ನೊಂದು ಸಂಗತಿ ಹೇಳಬೇಕು. ಶಾಲಿನ ಘಟನೆಯಾಗಿ ಕೆಲವು ದಿನಕ್ಕೆ ಅಧ್ಯಕ್ಷರ ಹೆಂಡತಿ, ಅಜ್ಜಿಯ ಪಾತ್ರ ಮಾಡಿದ್ದವರು, ಒಬ್ಬರೇ ರೈಲು ಹತ್ತಿ ಲೈಡನ್ನಿಗೆ ಬಂದು ಆಪಾ ಮನೆಯ ಬೆಲ್ಲು ಒತ್ತಿದರಂತೆ. ಬಾಗಿಲಲ್ಲೇ ನಿಂತು, "ಆಪಾ, ಅವತ್ತು ನಾನೂ ಓದಿದೆ, ಸುಮ್ನೆ ಕೂತೆ. ತಪ್ಪಾಯ್ತು" ಎಂದು ಅತ್ತರಂತೆ. ಮುಂದಿನ ವಾರ ಸಿಕ್ಕಾಗ ಆಪಾ ನನಗೆ ಇದನ್ನು ಹೇಳಿದರು.

"ಗುಂಪಲ್ಲಿ ಬರೀತೀನಿ ಅಂದ್ರಾ?" ಎಂದು ಕೇಳಿದೆ.

"ಕೇಳಿದೆ. ಮನ್ಯಾಗ ಜಗಳ ಆಗ್ತೈತಿ ಅಂದ್ಲು."

"ಮತ್ತೆ ಏನ್ ಮಾಡಿದ್ರಿ? ಕ್ಷಮಿಸಿಬಿಟ್ರಾ?"

"ಇಲ್ಲ" ಎಂದರು ಆಪಾ. "ಒಳಗ ಕರದು ಕುಂಡ್ರಿಸಿ ಚಾ ಕೊಟ್ಟೆ. ಮಾಫಿ ಬ್ಯಾರೆ, ಚಾ ಬ್ಯಾರೆ."